ಕಾಡುಮೇಡುಗಳಲ್ಲಿ ಜೀವರಕ್ಷಣೆ: ಕೈಯಾರೆ ಕಲಿಯಬೇಕಾದ ವಿದ್ಯೆ

ಮಳೆಗಾಲ ಬಂದೊಡನೆ ಮುಂಬಯಿ, ಪುಣೆಗಳ ನಮ್ಮ ಮನೆಮಕ್ಕಳು ಬೆನ್ನಿಗೆ ಚೀಲವೇರಿಸಿ ಸಹ್ಯಾದ್ರಿಯತ್ತ ಹೊರಡುತ್ತಾರೆ. ವಾರವೆಲ್ಲ ಲೋಕಲ್ ಗಾಡಿಯಲ್ಲಿ ನಿಂತು ಸವೆಯುವ ದೇಹಕ್ಕೆ ಚಾರಣಕ್ಕಿಂತ ಉತ್ತಮ ಔಷಧವನ್ನು ವೈದ್ಯನಾದ ನಾನೂ ಬರೆದುಕೊಡಲಾರೆ. ಆದರೆ ಮಂಜು ಕವಿದು ದಾರಿ ತಪ್ಪಿದಾಗ, ಮೊಬೈಲಿಗೆ ಸಿಗ್ನಲ್ ದೊರೆಯದಿದ್ದಾಗ ಏನು ಮಾಡಬೇಕೆಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಮಲೆನಾಡಿನಿಂದಲೋ ಘಟ್ಟದ ಕೆಳಗಿನಿಂದಲೋ ಬಂದ ನಮ್ಮ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಊರು ಬಿಟ್ಟಾಗ ಈ ವಿದ್ಯೆಯನ್ನೂ ಅಲ್ಲಿಯೇ ಬಿಟ್ಟು ಬಂದೆವು.

ಬಹು ವರ್ಷಗಳ ಹಿಂದೆ ಹರಿಶ್ಚಂದ್ರಗಡದ ಇಳಿಜಾರಿನಲ್ಲಿ ನಮ್ಮ ಸಂಗಡಿಗರೊಬ್ಬರು ಜಾರಿ ಬಿದ್ದು ಕಣಕಾಲು ಮುರಿದುಕೊಂಡರು. ಮುರಿದ ಎಲುಬಿನ ಹೆಸರು ನನಗೆ ಗೊತ್ತಿತ್ತು. ಅವರನ್ನು ಕೆಳಗಿಳಿಸುವ ಬಗೆ ಗೊತ್ತಿರಲಿಲ್ಲ. ದನ ಕಾಯುವ ಹುಡುಗನೊಬ್ಬ ಎರಡು ಗಳುಗಳನ್ನು ಕಡಿದು ತಂದು, ತನ್ನ ಕಂಬಳಿಯನ್ನು ಅವುಗಳ ಮೇಲೆ ಮಡಿಸಿ ಹಾಸಿ, ಕ್ಷಣಾರ್ಧದಲ್ಲಿ ಡೋಲಿ ಸಿದ್ಧಪಡಿಸಿದ. ಗಂಟು ಹಾಕಲಿಲ್ಲ, ಹೊಲಿಯಲಿಲ್ಲ. ಮಲಗಿದವರ ಭಾರವೇ ಮಡಿಕೆಯನ್ನು ಬಿಗಿಹಿಡಿಯಿತು. ಅಂದು ನನಗಾದ ನಾಚಿಕೆಯೇ ಈ ಲೇಖನದ ಮೂಲ.

ಇಂತಹ ಶಿಕ್ಷಣಕ್ಕೆ ಒಂದು ಚರಿತ್ರೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸರಕುಹಡಗುಗಳು ಮುಳುಗುತ್ತಿದ್ದಾಗ, ಜೀವರಕ್ಷಕ ದೋಣಿಗಳಲ್ಲಿ ಕಸುವುಳ್ಳ ತರುಣರಿಗಿಂತ ಅನುಭವಸ್ಥ ಹಳೆಯ ನಾವಿಕರೇ ಬದುಕಿ ಉಳಿಯುತ್ತಾರೆಂಬುದು ಹಡಗು ಉದ್ಯಮಿ ಲಾರೆನ್ಸ್ ಹೋಲ್ಟರ ಅಭಿಪ್ರಾಯವಾಗಿತ್ತು. ಅವರ ನೆರವಿನಿಂದ ಶಿಕ್ಷಣತಜ್ಞ ಕುರ್ಟ್ ಹಾನ್ 1941ರಲ್ಲಿ ವೇಲ್ಸಿನ ಅಬರ್‌ಡೋವಿಯಲ್ಲಿ ‘ಔಟ್‌ವರ್ಡ್ ಬೌಂಡ್’ ಶಾಲೆಯನ್ನು ಸ್ಥಾಪಿಸಿದರು. ನಮ್ಮಲ್ಲಿ ತೇನ್‌ಸಿಂಗರು ಎವರೆಸ್ಟನ್ನೇರಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗಿನಲ್ಲಿಯೂ 1965ರಲ್ಲಿ ಉತ್ತರಕಾಶಿಯಲ್ಲಿಯೂ ಪರ್ವತಾರೋಹಣ ಸಂಸ್ಥೆಗಳು ಹುಟ್ಟಿದವು. ಇವುಗಳ ಪ್ರಾಥಮಿಕ ಶಿಬಿರ ಸುಮಾರು ನಾಲ್ಕು ವಾರಗಳದ್ದು.

ಕೈಯಾರೆ ಕಲಿಯುವುದೆಂದರೇನು? ಜಿನುಗುಮಳೆಯಲ್ಲಿ ಒಂದು ಬೆಂಕಿಪೊಟ್ಟಣ ಕೊಟ್ಟು ಒಲೆ ಹೊತ್ತಿಸಲು ಹೇಳಿ ನೋಡಿ. ಹೊಸಬನು ದಪ್ಪ ಸೌದೆಗೇ ಕಡ್ಡಿ ಗೀರಿ ಪೊಟ್ಟಣವನ್ನು ಮುಗಿಸುತ್ತಾನೆ. ಒದ್ದೆ ಕಟ್ಟಿಗೆಯನ್ನು ಸೀಳಿದರೆ ಒಳಗಿನ ತಿರುಳು ಒಣಗಿರುತ್ತದೆ. ಅದನ್ನು ತೆಳ್ಳಗೆ ಚಕ್ಕೆಯೆಬ್ಬಿಸಿ, ಹಸಿನೆಲಕ್ಕೆ ತಾಗದಂತೆ ಕಡ್ಡಿಗಳ ಹಾಸಿನ ಮೇಲಿಟ್ಟು, ಗಾಳಿಗೆ ಬೆನ್ನೊಡ್ಡಿ ಕುಳಿತು ಹೊತ್ತಿಸಬೇಕು. ಇದನ್ನು ಓದುವುದಕ್ಕೆ ಅರ್ಧ ನಿಮಿಷ ಸಾಕು. ಮರಗಟ್ಟಿದ ಬೆರಳುಗಳಿಂದ ಮಾಡಲು ಮೂರು ನಾಲ್ಕು ಸಲ ಸೋಲಬೇಕಾಗುತ್ತದೆ, ಆ ಸೋಲು ಶಿಬಿರದಲ್ಲಿಯೇ ಆಗಿಹೋಗುವುದು ಲೇಸು.

ಚಳಿಯ ಅಪಾಯ ಹಿಮಾಲಯದಲ್ಲಷ್ಟೇ ಎಂಬುದು ತಪ್ಪು ಕಲ್ಪನೆ. ಒದ್ದೆ ಬಟ್ಟೆಗೆ ಬೀಸುಗಾಳಿ ಸೇರಿದರೆ ನಮ್ಮ ಘಟ್ಟಗಳಲ್ಲಿಯೂ ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಹುದು. ಮಾತು ತೊದಲಿ, ಹೆಜ್ಜೆ ತಡವರಿಸಿ, ನಡುಕವೂ ನಿಂತುಹೋದರೆ ಅದು ಗುಣವಾದ ಲಕ್ಷಣವಲ್ಲ, ಗಂಡಾಂತರದ ಲಕ್ಷಣ. ಗಾಳಿಯ ಮರೆಗೆ ಸರಿಸಿ, ಒದ್ದೆ ಬಟ್ಟೆ ತೆಗೆದು, ಒಣಹೊದಿಕೆ ಹೊದಿಸಿ, ಬೇಗನೆ ವೈದ್ಯರ ನೆರವು ದೊರಕಿಸಬೇಕು. ಮದ್ಯವನ್ನಂತೂ ಕುಡಿಸಲೇಬಾರದು. ಹಾವು ಕಚ್ಚಿದಲ್ಲಿ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಚಲನಚಿತ್ರದ ಚಿಕಿತ್ಸೆಗಳು. ಕಚ್ಚಿದ ಅಂಗಕ್ಕೆ ದಬ್ಬೆ ಕಟ್ಟಿ, ಅಲುಗಾಡಿಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಹೊತ್ತೊಯ್ಯುವುದೇ ಸರಿ. ಈ ದಬ್ಬೆಯನ್ನು ಸಂಗಡಿಗನ ಕಾಲಿಗೆ ಒಮ್ಮೆಯಾದರೂ ಕಟ್ಟಿ ನೋಡಿರಬೇಕು.

ದಾರಿ ತಪ್ಪಿತೆಂದು ತಿಳಿದ ಕೂಡಲೆ ನಿಲ್ಲಿ, ಅಲೆಯಬೇಡಿ. ನಿಮಿಷಕ್ಕೆ ಆರು ಬಾರಿ ಸೀಟಿ ಊದಿ, ಒಂದು ನಿಮಿಷ ಮೌನವಾಗಿದ್ದು, ಮತ್ತೆ ಊದುವುದು ಪರ್ವತಾರೋಹಿಗಳಲ್ಲಿ ರೂಢಿಯಲ್ಲಿರುವ ಅಪಾಯಸೂಚನೆ. ನಿಮಿಷಕ್ಕೆ ಮೂರು ಸೀಟಿ ಕೇಳಿದರೆ ಉತ್ತರ ಬಂತೆಂದು ತಿಳಿಯಿರಿ.

ಮಕ್ಕಳನ್ನು ಶಿಬಿರಕ್ಕೆ ಸೇರಿಸುವ ಮುನ್ನ ತಂದೆತಾಯಿಗಳು ಊಟ ವಸತಿಗಳನ್ನೇ ವಿಚಾರಿಸುತ್ತಾರೆ. ಶಿಕ್ಷಕರು ಎಲ್ಲಿ ತರಬೇತಿ ಪಡೆದವರು, ಒಬ್ಬರ ಪಾಲಿಗೆ ಎಷ್ಟು ಮಕ್ಕಳು, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಹುಡುಗರು ಹಗ್ಗ ಮುಟ್ಟುವುದು ಎಷ್ಟು ಹೊತ್ತು, ಭಾಷಣ ಕೇಳುವುದು ಎಷ್ಟು ಹೊತ್ತು ಎಂಬುದನ್ನೂ ಕೇಳಿ. ಭಾಷಣವೇ ಹೆಚ್ಚೆಂದು ತಿಳಿದರೆ ಹಣವನ್ನು ಉಳಿಸಿಕೊಂಡು, ಒಂದು ಸೀಟಿಯನ್ನು ಕೊಡಿಸಿ.