ಬಾಣಂತಿಯ ಮೊದಲ ಹಾಲು

ಹೆರಿಗೆಯ ಆಸ್ಪತ್ರೆಯಲ್ಲಿ ಎರಡನೆಯ ದಿನ ನಾವು ಮೇಲಿಂದಮೇಲೆ ಕೇಳುವ ಮಾತೊಂದುಂಟು: “ಬಾಣಂತಿಗೆ ಇನ್ನೂ ಹಾಲೇ ಇಳಿದಿಲ್ಲ.” ಮನೆಯ ಹಿರಿಯರು ಮಮತೆಯಿಂದಲೇ ಆಡುವ ಮಾತಿದು. ಆದರೆ ಇದರ ಬೆನ್ನಿಗೇ ಸಕ್ಕರೆ ನೀರು, ಜೇನುತುಪ್ಪ, ಡಬ್ಬಿಯ ಹಾಲು ಬರುತ್ತವೆ. ಎಷ್ಟೋ ಕೂಸುಗಳ ಸ್ತನ್ಯಪಾನವು ನೆಲೆಗೊಳ್ಳುವ ಮೊದಲೇ ಕುಂಠಿತವಾಗುತ್ತದೆ. ಆದುದರಿಂದ ಆ ಮೊದಲ ದಿನಗಳಲ್ಲಿ ನಡೆಯುವುದೇನೆಂಬುದನ್ನು ವಿಚಾರಮಾಡೋಣ.

ಹಾಲಿಲ್ಲವೆಂಬುದು ಸಾಮಾನ್ಯವಾಗಿ ನಿಜವಲ್ಲ. ಗರ್ಭಕಾಲದಲ್ಲಿಯೇ ಸ್ತನದಲ್ಲಿ ಮಂದವೂ ಹಳದಿ ಬಣ್ಣದ್ದೂ ಆದ ಗಿಣ್ಣುಹಾಲು ಸಿದ್ಧವಾಗಿರುತ್ತದೆ. ಮೊದಲ 24 ಗಂಟೆಗಳಲ್ಲಿ ಶಿಶುವಿಗೆ ಒಂದು ಸಲಕ್ಕೆ ದೊರೆಯುವುದು ಸುಮಾರು 2ರಿಂದ 10 ಮಿಲಿಲೀಟರು, ಎಂದರೆ ಹೆಚ್ಚೆಂದರೆ ಎರಡು ಟೀ ಚಮಚ. ಕಣ್ಣಿಗೆ ಅಲ್ಪವೆಂದು ತೋರಿದರೂ, ದಿನ ತುಂಬಿ ಹುಟ್ಟಿದ ಆರೋಗ್ಯವಂತ ಶಿಶುವಿಗೆ ಅಷ್ಟು ಸಾಕು. ರೋಗನಿರೋಧಕ ದ್ರವ್ಯಗಳು ಅದರಲ್ಲಿ ವಿಶೇಷವಾಗಿವೆ. ಮಾಸು ಹೊರಬಿದ್ದ ಬಳಿಕ ತಾಯಿಯ ರಕ್ತದಲ್ಲಿ ಪ್ರೊಜೆಸ್ಟರೋನ್ ಎಂಬ ರಸವು ಇಳಿಯಲು, ಹಾಲನ್ನು ಉತ್ಪತ್ತಿಮಾಡುವ ಪ್ರೊಲಾಕ್ಟಿನ್ನಿಗಿದ್ದ ತಡೆ ನೀಗುತ್ತದೆ. ತುಂಬುಹಾಲು ಬರುವುದು ಬಹುಮಟ್ಟಿಗೆ ಎರಡರಿಂದ ನಾಲ್ಕನೆಯ ದಿನದೊಳಗೆ. ಚೊಚ್ಚಲ ಬಾಣಂತಿಯರಲ್ಲಿಯೂ ಶಸ್ತ್ರಕ್ರಿಯೆಯಿಂದ ಹೆರಿಗೆಯಾದವರಲ್ಲಿಯೂ ತುಸು ತಡವಾಗಬಹುದು. ಆಮೇಲೆ ಕೂಸು ಹೀರಿ ಬರಿದುಮಾಡಿದಷ್ಟೂ ಹಾಲು ಹೆಚ್ಚುತ್ತದೆ. ಬೇರೆ ಹಾಲು ಕುಡಿದು ಮಲಗಿದ ಕೂಸು ಹೀರುವುದೆಂತು? ಇನ್ನು ಜೇನು ನೆಕ್ಕಿಸುವ ಪದ್ಧತಿ ಎಷ್ಟೇ ಹಳೆಯದಾದರೂ ಬಿಡತಕ್ಕದ್ದೇ. ಬಾಟ್ಯುಲಿಸಮ್ ಎಂಬ ಘೋರವ್ಯಾಧಿಯ ಬೀಜಾಣುಗಳು ಜೇನಿನಲ್ಲಿರಬಹುದಾದುದರಿಂದ, ವರ್ಷ ತುಂಬುವವರೆಗೆ ಅದು ಮಗುವಿಗೆ ಸಲ್ಲದು.

ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದೆ. ಕೂಸನ್ನು ಒರಸಿ, ಬಟ್ಟೆಯಿಲ್ಲದೆ ತಾಯಿಯ ಎದೆಯ ಮೇಲೆ ಕವುಚಿ ಮಲಗಿಸಿ, ಮೇಲೆ ಹೊದಿಸಿದರೆ, ಅದು ತಾನಾಗಿಯೇ ತೊಟ್ಟನ್ನು ಅರಸತೊಡಗುತ್ತದೆ. ಬಳಿಕ ಹಗಲಿರುಳೂ ತಾಯಿಯ ಬಳಿಯಲ್ಲಿಯೇ ಇರಬೇಕು. 24 ಗಂಟೆಗಳಲ್ಲಿ 8ರಿಂದ 12 ಸಲ ಹಾಲೂಡಿಸಬೇಕಾಗುತ್ತದೆ.

ಎರಡನೆಯ ರಾತ್ರಿಯೇ ನಿಜವಾದ ಪರೀಕ್ಷೆ. ಮೊದಲ ದಿನ ಸೊಗಸಾಗಿ ನಿದ್ರಿಸಿದ ಕೂಸು ಅಂದು ಗಂಟೆಗೊಮ್ಮೆ ಎದ್ದು ಅಳುತ್ತದೆ. ವಾರ್ಡಿನಲ್ಲಿ ಅಕ್ಕಪಕ್ಕದವರ ಸಲಹೆಗಳಿಗೆ ಬರವೇ ಇಲ್ಲ! ಬಾಣಂತಿಯು ಇದನ್ನು ತನ್ನ ಕೊರತೆಯೆಂದೇ ಭಾವಿಸಿ ಕಣ್ಣೀರಿಡುತ್ತಾಳೆ. ವಾಸ್ತವದಲ್ಲಿ ಕೂಸು ಹೀಗೆ ಪದೇ ಪದೇ ಹೀರಿಯೇ ನಾಳೆಯ ಹಾಲನ್ನು ಕರೆತರುತ್ತದೆ. ಆ ಹೊತ್ತು ತಾಯಿಯ ಬೆನ್ನಿಗೆ ದಿಂಬಿಟ್ಟು, ಬಿಸಿಯಾದುದೇನನ್ನಾದರೂ ಕುಡಿಯಲು ಕೊಟ್ಟು, ಕೂಸನ್ನು ಎತ್ತಿ ಕೈಗಿಡುವವರೇ ನಿಜವಾದ ಸಹಾಯಕರು.

ನೋವೇ ಹಾಲೂಡಿಕೆಯ ಲಕ್ಷಣವೆಂದು ಹಲ್ಲುಕಚ್ಚಿ ಸಹಿಸಬಾರದು. ತೊಟ್ಟನ್ನು ಮಾತ್ರ ಕಚ್ಚಿದ ಕೂಸಿಗೆ ಹಾಲೂ ಸಾಲದು, ತಾಯಿಗೆ ತೊಟ್ಟೂ ಬಿರಿಯುತ್ತದೆ. ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಣ ಕಪ್ಪುಭಾಗ ಬಹಳಷ್ಟು ಒಳಹೋಗಿ, ಗಲ್ಲವು ಸ್ತನಕ್ಕೆ ತಾಗಿ, ಕೆಳತುಟಿ ಹೊರಕ್ಕೆ ಮಡಿಚಿರಬೇಕು. ಸರಿಯಾಗದಿದ್ದರೆ ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಚ್ಚಬೇಕು. ಹೊಟ್ಟೆಯ ಮೇಲೆ ಗಾಯವಿರುವವರು ಪಕ್ಕಕ್ಕೆ ಮಲಗಿ ಊಡಿಸಬಹುದು.

ದಿನ ತುಂಬದೆ ಹುಟ್ಟಿ ಬೇರೆ ಕೋಣೆಯಲ್ಲಿರುವ ಶಿಶುವಿಗಾಗಿ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಕೈಯಿಂದ ಹಾಲು ಹಿಂಡಲಾರಂಭಿಸಿ, ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು. ನಮ್ಮ ಅಜ್ಜಿಯರ ಒಳಲೆಯು ಇಲ್ಲಿ ಬಾಟಲಿಗಿಂತ ಮೇಲು. ವೈದ್ಯರು ಸಕಾರಣವಾಗಿ ಬೇರೆ ಹಾಲನ್ನು ವಿಧಿಸಿದಲ್ಲಿ ಅದನ್ನು ಕೊಡತಕ್ಕದ್ದು. ಹೀರಿಸುವುದನ್ನು ಮಾತ್ರ ನಿಲ್ಲಿಸಬಾರದು.

ಹಾಲು ಸಾಕಾಗುತ್ತಿದೆಯೆಂಬುದನ್ನು ತಿಳಿಯಲು ಅಳುವಿಗಿಂತ ಬಟ್ಟೆಯನ್ನು ನೋಡುವುದು ಲೇಸು. ಐದನೆಯ ದಿನದ ವೇಳೆಗೆ ಕಪ್ಪು ಮಲವು ಹಳದಿಗೆ ತಿರುಗಿ, ದಿನಕ್ಕೆ ಆರು ಬಟ್ಟೆಗಳಾದರೂ ಮೂತ್ರದಿಂದ ನೆನೆಯಬೇಕು. ತೂಕವು ಮೊದಲು ಸ್ವಲ್ಪ ಇಳಿಯುವುದು ಸಹಜ. ನೂರಕ್ಕೆ ಹತ್ತರಷ್ಟು ಇಳಿದರೆ ವೈದ್ಯರು ಪರೀಕ್ಷಿಸಬೇಕು. ಎಬ್ಬಿಸಿದರೂ ಹಾಲಿಗೆ ಏಳದ, ಮೈ ಹಳದಿಯೇರಿದ, ಮೂತ್ರ ಕಡಮೆಯಾದ ಕೂಸನ್ನು ಒಡನೆಯೇ ತೋರಿಸತಕ್ಕದ್ದು. ಅನೇಕರು ತುಂಬುಹಾಲು ಬರುವ ಮೊದಲೇ ಮನೆಗೆ ಮರಳುವುದರಿಂದ, ಮತ್ತೆ ತೂಕ ನೋಡಿಸುವ ದಿನವನ್ನು ಹೊರಡುವ ಮುನ್ನವೇ ದಾದಿಯರಿಂದ ಗೊತ್ತುಮಾಡಿಸಿಕೊಳ್ಳಬೇಕು.