ಕಾರ್ಬನ್ ಕ್ರೆಡಿಟ್: ಒಪ್ಪಂದದ ಸಹಿಯಿಂದ ನಿಯಮಾವಳಿಯವರೆಗೆ

ಹವಾಮಾನ ಬದಲಾವಣೆ ಕುರಿತ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಬಿದ್ದ ದಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುತ್ತದೆ. ಆದರೆ ಉದ್ಯಮಿಯ ಲಾಭ-ನಷ್ಟಗಳನ್ನು ನಿರ್ಧರಿಸುವುದು ಆ ಸಹಿಯಲ್ಲ; ಅನುಷ್ಠಾನಕ್ಕಾಗಿ ವರ್ಷಗಟ್ಟಲೆ ನಡೆಯುವ ಮಾತುಕತೆಗಳಲ್ಲಿ ರೂಪುಗೊಳ್ಳುವ ನಿಯಮಗಳು. ಆದಾಯ ತೆರಿಗೆಯ ಕಾಯ್ದೆಗೂ ಅದರಡಿ ಹೊರಡುವ ನಿಯಮಗಳಿಗೂ ಇರುವ ಸಂಬಂಧವನ್ನು ಬಲ್ಲ ಸದಸ್ಯರಿಗೆ ಇದು ಹೊಸತೇನಲ್ಲ.

1997ರಲ್ಲಿ ಅಂಗೀಕೃತವಾದ ಕ್ಯೋಟೋ ಒಡಂಬಡಿಕೆಯ ನಿಯಮಗಳು 2001ರಲ್ಲಿ ಮೊರಾಕ್ಕೋ ದೇಶದ ಮರಾಕೆಶ್‌ನಲ್ಲಿ ಸಿದ್ಧಗೊಂಡವು. ಒಡಂಬಡಿಕೆ ಜಾರಿಗೆ ಬಂದದ್ದು 2005ರ ಫೆಬ್ರವರಿ 16ರಂದು. ಅದರ 'ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ'ಯಡಿ ಭಾರತದಂತಹ ರಾಷ್ಟ್ರಗಳ ಪವನ ವಿದ್ಯುತ್, ಕಬ್ಬಿನ ಸಿಪ್ಪೆಯ ಸಹವಿದ್ಯುತ್ ಮೊದಲಾದ ಯೋಜನೆಗಳು ತಾವು ತಗ್ಗಿಸಿದ ಪ್ರತಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಒಂದು ಕ್ರೆಡಿಟ್ ಪಡೆದು ಮುಂದುವರಿದ ರಾಷ್ಟ್ರಗಳಿಗೆ ಮಾರಬಹುದಾಗಿತ್ತು. 2008ರಲ್ಲಿ 20 ಯೂರೋ ಆಸುಪಾಸಿಗೆ ಏರಿದ್ದ ದರ 2012ರ ಅಂತ್ಯಕ್ಕೆ 1 ಯೂರೋಗಿಂತ ಕೆಳಗಿಳಿಯಿತು. ಪೂರೈಕೆ ಹೆಚ್ಚಿ ಬೇಡಿಕೆ ಕುಗ್ಗಿತ್ತು. ಜೊತೆಗೆ, 2012ರ ನಂತರ ನೋಂದಣಿಯಾಗುವ ಯೋಜನೆಗಳ ಪೈಕಿ ಅತ್ಯಂತ ಹಿಂದುಳಿದ ರಾಷ್ಟ್ರಗಳವನ್ನು ಮಾತ್ರ ಸ್ವೀಕರಿಸುವುದೆಂದು ಯೂರೋಪ್ ಒಕ್ಕೂಟ ನಿಯಮ ಮಾಡಿತ್ತು. ಕ್ರೆಡಿಟ್ ಆದಾಯವನ್ನು ನೆಚ್ಚಿ ಸಾಲದ ಕಂತು ಲೆಕ್ಕ ಹಾಕಿದ್ದವರಿಗೆ ಯಂತ್ರ ಉಳಿಯಿತು, ಆದಾಯ ಹೋಯಿತು.

2015ರ ಪ್ಯಾರಿಸ್ ಒಪ್ಪಂದದ 6ನೆಯ ವಿಧಿ ಈ ವ್ಯವಹಾರಕ್ಕೆ ಹೊಸ ರೂಪ ನೀಡಿತು. ಆದರೆ ಅದರ ನಿಯಮಗಳ ಬಗ್ಗೆ 2018ರ ಕಟೊವಿಟ್ಸೆ, 2019ರ ಮ್ಯಾಡ್ರಿಡ್ ಸಮ್ಮೇಳನಗಳಲ್ಲಿ ಒಮ್ಮತ ಮೂಡಲಿಲ್ಲ. ಮುಖ್ಯ ತೊಡಕು ಲೆಕ್ಕಪತ್ರಕ್ಕೆ ಸಂಬಂಧಿಸಿದ್ದು. ಕ್ಯೋಟೋದಡಿ ಭಾರತಕ್ಕೆ ಹೊರಸೂಸುವಿಕೆಯ ಮಿತಿ ಇರಲಿಲ್ಲ. ಪ್ಯಾರಿಸ್‌ನಡಿ ಪ್ರತಿಯೊಂದು ರಾಷ್ಟ್ರಕ್ಕೂ ತನ್ನದೇ ಗುರಿಯಿದೆ. ಹೀಗಾಗಿ ಮಾರಿದ ರಾಷ್ಟ್ರವೂ ಕೊಂಡ ರಾಷ್ಟ್ರವೂ ಒಂದೇ ಟನ್ನನ್ನು ತಂತಮ್ಮ ಗುರಿಗೆ ಜಮಾ ಮಾಡಿಕೊಳ್ಳುವ ಅಪಾಯವಿತ್ತು. 2021ರ ಗ್ಲಾಸ್ಗೋ ಸಮ್ಮೇಳನವು ಜಮಾ-ಖರ್ಚಿನ ನ್ಯಾಯವನ್ನೇ ಒಪ್ಪಿತು: ಕೊಂಡವರು ಜಮಾ ಮಾಡಿಕೊಂಡಷ್ಟನ್ನು ಮಾರಿದವರು ತಮ್ಮ ಹೊರಸೂಸುವಿಕೆಯ ಲೆಕ್ಕಕ್ಕೆ ಸೇರಿಸಬೇಕು. ಹಳೆಯ ಕ್ಯೋಟೋ ಕ್ರೆಡಿಟ್‌ಗಳಲ್ಲಿ 2013ರ ಜನವರಿ 1ರಂದು ಅಥವಾ ಅನಂತರ ನೋಂದಣಿಯಾದ ಯೋಜನೆಗಳವು ಮಾತ್ರ, ಅದೂ ಮೊದಲ ಸುತ್ತಿನ ಗುರಿಗೆ ಮಾತ್ರ, ಸಲ್ಲುವುವೆಂದು ತೀರ್ಮಾನವಾಯಿತು. ಬಾಕಿ ಉಳಿದಿದ್ದ ಮುಖ್ಯ ನಿಯಮಗಳು ಬಾಕು ನಗರದಲ್ಲಿ ಅಂತಿಮಗೊಂಡದ್ದು 2024ರಲ್ಲಿ, ಅಂದರೆ ಒಪ್ಪಂದವಾದ ಒಂಬತ್ತು ವರ್ಷಗಳ ಬಳಿಕ.

ಇದರ ಪರಿಣಾಮ ಗಮನಾರ್ಹ. ಇನ್ನೊಂದು ರಾಷ್ಟ್ರದ ಗುರಿಗಾಗಿ ಒಂದು ಟನ್ ಮಾರಿದರೆ ನಮ್ಮ ದೇಶ ತನ್ನ ಗುರಿಗಾಗಿ ಮತ್ತೊಂದು ಟನ್ನನ್ನು ಬೇರೆಡೆ ತಗ್ಗಿಸಬೇಕಾಗುತ್ತದೆ. ಆದ್ದರಿಂದ ಇಂತಹ ಮಾರಾಟಕ್ಕೆ ಸರ್ಕಾರದ ಅಧಿಕೃತ ಒಪ್ಪಿಗೆ ಅನಿವಾರ್ಯ. 2023ರಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯು ದೇಶೀಯ ಮಾರುಕಟ್ಟೆಗೆ ಸಂಬಂಧಿಸಿದ್ದು. ಎರಡನ್ನೂ ಒಂದೆಂದು ಭಾವಿಸಬಾರದು.

ಹೂಡಿಕೆಗೆ ಮುನ್ನ ಸದಸ್ಯರು ಮೂರು ಅಂಶಗಳನ್ನು ಪರಿಶೀಲಿಸುವುದು ಒಳಿತು: ಯೋಜನೆ ಯಾವ ನಿಯಮದಡಿ ಬರುತ್ತದೆ, ಸರ್ಕಾರದ ಒಪ್ಪಿಗೆ ಲಿಖಿತವಾಗಿ ದೊರೆತಿದೆಯೇ, ಕ್ರೆಡಿಟ್ ಆದಾಯವಿಲ್ಲದೆಯೂ ಸಾಲ ತೀರುವುದೇ. ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆ 2012ರಲ್ಲಿ ಹೊರಡಿಸಿದ ಮಾರ್ಗದರ್ಶಿ ಟಿಪ್ಪಣಿಯೂ ಕ್ಯೋಟೋ ಕ್ರೆಡಿಟ್ ವಾಸ್ತವವಾಗಿ ಖಾತೆಗೆ ಬಂದ ಮೇಲಷ್ಟೇ ಅದನ್ನು ಆಸ್ತಿಯೆಂದು ಪರಿಗಣಿಸಬೇಕೆಂದು ಹೇಳಿತ್ತು. ಆ ಎಚ್ಚರಿಕೆ ಹೊಸ ವ್ಯವಸ್ಥೆಯಲ್ಲಿಯೂ ಪಾಲಿಸತಕ್ಕದ್ದು.