ಕಥೆಯ ಕೊನೆ ಎಲ್ಲಿ ಹುಟ್ಟುತ್ತದೆ?

ಮುನ್ನೂರು ಪುಟಗಳ ಕಾದಂಬರಿಯೊಂದನ್ನು ನಿದ್ದೆಗೆಟ್ಟು ಓದುತ್ತೇವೆ. ಇನ್ನು ಹತ್ತೇ ಪುಟಗಳು ಉಳಿದಿವೆ ಎನ್ನುವಾಗ ಎಲ್ಲಿಂದಲೋ ಒಂದು ಉಯಿಲು ದೊರೆಯುತ್ತದೆ. ಖಳನು ಕಾಲು ಜಾರಿ ಬಿದ್ದು ಸಾಯುತ್ತಾನೆ. ನಾಯಕನಿಗೂ ನಾಯಿಕೆಗೂ ಮದುವೆಯಾಗುತ್ತದೆ. ಪುಸ್ತಕವನ್ನು ಮುಚ್ಚಿ, “ಇಷ್ಟೇನೇ?” ಎಂದುಕೊಳ್ಳುತ್ತೇವೆ. ಬೇರೊಂದು ಕಥೆಯಲ್ಲಿ ನಾಯಕನೇ ಸಾಯುತ್ತಾನೆ. ಕಣ್ಣೊರಸಿಕೊಳ್ಳುತ್ತೇವೆ, ಆದರೂ ಈ ಕಥೆ ಹೀಗಲ್ಲದೆ ಬೇರೆ ಬಗೆಯಲ್ಲಿ ಮುಗಿಯುವಂತಿರಲಿಲ್ಲವೆಂದು ಒಪ್ಪಿಕೊಂಡು, ಒಂದು ವಿಧವಾದ ತೃಪ್ತಿಯಿಂದಲೇ ಏಳುತ್ತೇವೆ. ಆದಕಾರಣ ಸುಖಾಂತವಾದರೆ ತೃಪ್ತಿ, ದುಃಖಾಂತವಾದರೆ ನಿರಾಶೆ ಎಂಬ ಸುಲಭವಾದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಗಾದರೆ ಓದುಗನ ಮನಸ್ಸು ಕಥೆಯ ಕೊನೆಯನ್ನು ಯಾವ ತಕ್ಕಡಿಯಲ್ಲಿಟ್ಟು ತೂಗುತ್ತದೆ? ಬಹುಕಾಲ ಈ ಪ್ರಶ್ನೆ ಕಾವ್ಯಮೀಮಾಂಸಕರದೇ ಸ್ವತ್ತಾಗಿತ್ತು. ಕಳೆದ ನೂರು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರೂ ಗಡಿಯಾರ, ಉಷ್ಣಮಾಪಕಗಳನ್ನು ಹಿಡಿದುಕೊಂಡು ಅದರ ಬಳಿಗೆ ಬಂದಿದ್ದಾರೆ.

ಉಷ್ಣಮಾಪಕವೆಂದದ್ದು ವಿನೋದಕ್ಕಲ್ಲ. ಡೇನಿಯಲ್ ಕಾನೆಮನ್ ಮತ್ತು ಅವರ ಸಹೋದ್ಯೋಗಿಗಳು ೧೯೯೩ರಲ್ಲಿ ಒಂದು ವಿಚಿತ್ರವಾದ ಪ್ರಯೋಗವನ್ನು ಪ್ರಕಟಿಸಿದರು. ೩೨ ಮಂದಿಯನ್ನು ಕರೆದು, ೧೪ ಡಿಗ್ರಿ ಸೆಂಟಿಗ್ರೇಡಿನ ತಣ್ಣೀರಿನಲ್ಲಿ ಒಂದು ಕೈಯನ್ನು ೬೦ ಸೆಕೆಂಡುಗಳ ಕಾಲ ಇಡಿಸಿದರು. ಮತ್ತೊಮ್ಮೆ ಇನ್ನೊಂದು ಕೈಯನ್ನು ಅಷ್ಟೇ ತಣ್ಣನೆಯ ನೀರಿನಲ್ಲಿ ಅಷ್ಟೇ ಹೊತ್ತು ಇಡಿಸಿ, ಹೊರಕ್ಕೆ ತೆಗೆಯಗೊಡದೆ ಇನ್ನೂ ೩೦ ಸೆಕೆಂಡು ಹಿಡಿಸಿದರು. ಆ ಅವಧಿಯಲ್ಲಿ ನೀರನ್ನು ಮೆಲ್ಲಮೆಲ್ಲನೆ ೧೫ ಡಿಗ್ರಿಗೆ ಏರಿಸಿದರು. ೧೫ ಡಿಗ್ರಿಯ ನೀರೂ ಕೈಗೆ ಹಿತವಲ್ಲ. ನೋವು ಕೊಂಚ ತಗ್ಗುತ್ತದೆ, ಅಷ್ಟೆ. ತರುವಾಯ, ಮೂರನೆಯ ಸಲ ಯಾವುದನ್ನು ಮಾಡಲಿಚ್ಛಿಸುವಿರಿ ಎಂದು ಕೇಳಿದರು. ಗಣಿತದ ಪ್ರಕಾರ ಎರಡನೆಯದರಲ್ಲಿ ಮೊದಲನೆಯದರ ನೋವೆಲ್ಲ ಇದೆ, ಮೇಲೆ ಅರ್ಧ ನಿಮಿಷದ ನೋವೂ ಇದೆ. ಆದರೂ ೨೨ ಮಂದಿ ಎರಡನೆಯದನ್ನೇ ಆರಿಸಿಕೊಂಡರು! ನಮ್ಮ ಸ್ಮೃತಿಯು ಅನುಭವವನ್ನು ಕ್ಷಣಕ್ಷಣವೂ ಕೂಡಿ ಮೊತ್ತ ಹಾಕುವ ಶ್ಯಾನುಭೋಗನಲ್ಲ. ಅತಿ ತೀವ್ರವಾದ ಕ್ಷಣವನ್ನೂ ಕಟ್ಟಕಡೆಯ ಕ್ಷಣವನ್ನೂ ಹಿಡಿದಿಟ್ಟುಕೊಂಡು ಅವೆರಡರಿಂದಲೇ ಇಡಿಯ ಅನುಭವಕ್ಕೆ ಬೆಲೆ ಕಟ್ಟುತ್ತದೆ ಎಂಬುದು ಅವರ ತೀರ್ಮಾನ.

೨೦೦೧ರಲ್ಲಿ ಎಡ್ ಡೀನರ್ ಮತ್ತು ಸಂಗಡಿಗರು ಇದಕ್ಕೆ ಹೊಂದುವ ಇನ್ನೊಂದು ಸಂಗತಿಯನ್ನು ಕಂಡರು. ಕಲ್ಪಿತ ವ್ಯಕ್ತಿಯೊಬ್ಬಳ ಬಾಳು ಪೂರ್ಣ ಸುಖದಲ್ಲಿದ್ದಾಗಲೇ ತಟ್ಟನೆ ಕೊನೆಗೊಂಡಿತೆಂದು ಕೆಲವರಿಗೆ ಹೇಳಲಾಯಿತು. ಅದೇ ಬಾಳಿಗೆ ಇನ್ನು ಕೆಲವು ಸಾಧಾರಣ ಸುಖದ ವರ್ಷಗಳು ಸೇರಿದುವೆಂದು ಮತ್ತೆ ಕೆಲವರಿಗೆ ಹೇಳಲಾಯಿತು. ಎರಡನೆಯ ಬಾಳೇ ಕಡಿಮೆ ಬೆಲೆಯದೆಂದು ಓದಿದವರು ಎಣಿಸಿದರು. ಕಥೆ ಮುಗಿದ ಮೇಲೂ ಯಾರು ಯಾರಿಗೆ ಎಷ್ಟು ಮಕ್ಕಳಾದುವೆಂದು ಒಂದು ಅಧ್ಯಾಯ ಬರೆಯುವ ಕಾದಂಬರಿಕಾರರು ಈ ಪ್ರಯೋಗವನ್ನು ಅವಶ್ಯವಾಗಿ ಗಮನಿಸಬೇಕು.

ಆದರೆ ಇವುಗಳಿಂದ ತಿಳಿಯುವುದು ಕೊನೆಯ ತೂಕ ಹೆಚ್ಚೆಂಬುದು ಮಾತ್ರ. ಎಂತಹ ಕೊನೆ ಒಳ್ಳೆಯದೆಂಬುದು ತಿಳಿಯುವುದಿಲ್ಲ. ಅದಕ್ಕಾಗಿ ಓದುತ್ತಿರುವಾಗ ಮನಸ್ಸಿನಲ್ಲಿ ಏನು ನಡೆಯುತ್ತದೆಂಬುದನ್ನು ನೋಡಬೇಕು.

ಬರ್ಲಿನ್ನಿನಲ್ಲಿ ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರ ಶಿಷ್ಯೆಯಾಗಿದ್ದ ಬ್ಲೂಮಾ ಜೈಗಾರ್ನಿಕ್ ೧೯೨೭ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದಳು. ಜನರಿಗೆ ಚಿಕ್ಕಪುಟ್ಟ ಕೆಲಸಗಳನ್ನು ಕೊಟ್ಟು, ಅವುಗಳಲ್ಲಿ ಅರ್ಧದಷ್ಟನ್ನು ನಡುವೆಯೇ ತಡೆದು, ಕಡೆಯಲ್ಲಿ ಯಾವ ಯಾವ ಕೆಲಸ ನೆನಪಿದೆ ಎಂದು ಕೇಳಿದಾಗ, ಮುಗಿಸದ ಕೆಲಸಗಳೇ ಸುಮಾರು ಇಮ್ಮಡಿಯಾಗಿ ನೆನಪಿಗೆ ಬಂದುವು. ಮುಂದಿನ ದಶಕಗಳಲ್ಲಿ ಇತರರು ಮಾಡಿದ ಪರೀಕ್ಷೆಗಳಲ್ಲಿ ಸ್ಮೃತಿಯ ಈ ಮೇಲುಗೈ ಎಲ್ಲೆಡೆಯೂ ಕಾಣಿಸಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಆದರೆ ಅದೇ ಪ್ರಯೋಗಶಾಲೆಯ ಮರಿಯಾ ಓವ್ಸಿಯಾಂಕಿನಾ ೧೯೨೮ರಲ್ಲಿ ತೋರಿಸಿದ ಸಂಗತಿ ಹೆಚ್ಚು ಗಟ್ಟಿಯಾಗಿ ನಿಂತಿದೆ: ಅರ್ಧಕ್ಕೆ ಬಿಟ್ಟ ಕೆಲಸವನ್ನು, ಯಾರೂ ಹೇಳದಿದ್ದರೂ, ಯಾವ ಪ್ರತಿಫಲವೂ ಇಲ್ಲದಿದ್ದರೂ, ಮನುಷ್ಯ ಮತ್ತೆ ಕೈಗೆತ್ತಿಕೊಳ್ಳುತ್ತಾನೆ. ಧಾರಾವಾಹಿಯ ಕಂತು ‘ಮುಂದುವರಿಯುವುದು’ ಎಂದು ನಿಂತಾಗ ನಮ್ಮನ್ನು ಮುಂದಿನ ಸಂಚಿಕೆಗೆ ಎಳೆಯುವುದು ಈ ಪ್ರವೃತ್ತಿಯೇ ಇರಬೇಕು.

ಹೀಗೆ ಕಥೆ ನಮ್ಮಲ್ಲಿ ಪ್ರಶ್ನೆಗಳನ್ನು ತೆರೆದಿಡುತ್ತದೆ. ಆ ಪ್ರಶ್ನೆಗಳನ್ನು ಮನಸ್ಸು ಸುಮ್ಮನೆ ಹೊತ್ತಿರುವುದಿಲ್ಲ. ಓದುತ್ತ ಓದುತ್ತಲೇ ಗಂಟು ಕಟ್ಟುತ್ತಿರುತ್ತದೆ. ಜಸ್ಟ್ ಮತ್ತು ಕಾರ್ಪೆಂಟರ್ ಎಂಬ ವಿದ್ವಾಂಸರು ಓದುಗರ ಕಣ್ಣಿನ ಚಲನೆಯನ್ನಳೆದು, ವಾಕ್ಯದ ಕಡೆಯ ಪದದ ಮೇಲೆ ದೃಷ್ಟಿ ಹೆಚ್ಚು ಹೊತ್ತು ನಿಲ್ಲುತ್ತದೆಂದು ೧೯೮೦ರಲ್ಲಿ ವರದಿ ಮಾಡಿದರು. ಅಷ್ಟರವರೆಗೆ ಬಂದುದನ್ನೆಲ್ಲ ಒಟ್ಟುಗೂಡಿಸಿಕೊಳ್ಳಲು ಆ ಕ್ಷಣ ಬೇಕು ಎಂಬುದು ಅವರ ವಿವರಣೆ. ಟಾಮ್ ಟ್ರಬಾಸೊ ಮತ್ತು ಅವರ ಜೊತೆಗಾರರು ೧೯೮೫ರಲ್ಲಿ ಇಡೀ ಕಥೆಗಳನ್ನೇ ತೆಗೆದುಕೊಂಡು, ಯಾವ ಘಟನೆ ಯಾವುದಕ್ಕೆ ಕಾರಣವೆಂದು ಗೆರೆ ಎಳೆದು ಜಾಲವೊಂದನ್ನು ರಚಿಸಿದರು. ಯಾವ ಘಟನೆಗೆ ಹೆಚ್ಚು ಗೆರೆಗಳು ಬಂದು ಸೇರುತ್ತವೆಯೋ ಅದನ್ನೇ ಓದುಗರು ಮುಖ್ಯವೆಂದು ಎಣಿಸಿದರು, ಅದನ್ನೇ ಚೆನ್ನಾಗಿ ನೆನಪಿಟ್ಟರು. ಗೆರೆಯೇ ಸೇರದ ಘಟನೆ ಎಷ್ಟು ರಂಜಕವಾಗಿದ್ದರೂ ಜಾರಿಹೋಯಿತು.

ನಾವು ಮೊದಲು ಕಂಡ ಉಯಿಲಿನ ಕಥೆ ಏಕೆ ಸಪ್ಪೆಯಾಯಿತೆಂಬುದು ಈಗ ಗೊತ್ತಾಗುತ್ತದೆ. ಆ ಉಯಿಲಿಗೆ ಹಿಂದಿನಿಂದ ಒಂದು ಗೆರೆಯೂ ಬಂದಿರಲಿಲ್ಲ. ಅರಿಸ್ಟಾಟಲನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಈ ದೋಷವನ್ನು ಹಿಡಿದಿದ್ದನು. ಗ್ರೀಕ್ ರಂಗಸ್ಥಳದಲ್ಲಿ ಭಾರವನ್ನೆತ್ತುವ ಯಂತ್ರವೊಂದಿತ್ತು; ಕಥೆ ಬಿಡಿಸಲಾರದಷ್ಟು ಸಿಕ್ಕಾದಾಗ ದೇವತೆಯೊಬ್ಬನನ್ನು ಅದರಿಂದ ಇಳಿಸಿದರೆ ಎಲ್ಲವೂ ಸುಸೂತ್ರ. ಯೂರಿಪಿಡೀಸನ ಮೀಡಿಯಾ ನಾಟಕ ಯಂತ್ರದ ನೆರವಿನಿಂದ ಮುಗಿಯುವುದನ್ನು ಅರಿಸ್ಟಾಟಲನು ಆಕ್ಷೇಪಿಸಿ, ಬಿಡುಗಡೆಯು ಕಥೆಯೊಳಗಿಂದಲೇ ಬರಬೇಕೆಂದನು.

ಷರ್ಲಾಕ್ ಹೋಮ್ಸನ ಮೊದಲ ಮರಣವನ್ನೂ ಇದೇ ಪಟ್ಟಿಗೆ ಸೇರಿಸಬಹುದೆಂದು ನನಗೆ ತೋರುತ್ತದೆ. ೧೮೯೩ರ ಡಿಸೆಂಬರಿನಲ್ಲಿ ‘ಸ್ಟ್ರಾಂಡ್’ ಪತ್ರಿಕೆಯಲ್ಲಿ ಕಾನನ್ ಡಾಯ್ಲ್ ಅವನನ್ನು ಸ್ವಿಟ್ಜರ್ಲೆಂಡಿನ ಜಲಪಾತದ ಬಳಿ ಮೊರಿಯಾರ್ಟಿ ಎಂಬ ವೈರಿಯೊಡನೆ ಕೊನೆಗಾಣಿಸಿದನು. ಓದುಗರು ರೇಗಿ ಪತ್ರಗಳನ್ನು ಬರೆದರು, ಅನೇಕರು ಚಂದಾ ನಿಲ್ಲಿಸಿದರು. ಪ್ರಿಯನಾದ ನಾಯಕ ಸತ್ತನೆಂಬ ದುಃಖ ಇದ್ದೇ ಇತ್ತು. ಆದರೆ ಆ ಮಹಾವೈರಿಯ ಹೆಸರನ್ನು ಓದುಗರು ಕೇಳಿದ್ದೇ ಆ ಕಥೆಯಲ್ಲಿ ಮೊದಲ ಬಾರಿಗೆ! ಕೊಲ್ಲಲೆಂದೇ ಕರೆತಂದ ಅತಿಥಿ ಆತ. ನಿಜವಾದ ಕಾರಣವಾದರೋ ಕಥೆಯ ಹೊರಗಿತ್ತು. ಲೇಖಕನಿಗೆ ಪತ್ತೇದಾರಿ ಬೇಸರವಾಗಿ ಐತಿಹಾಸಿಕ ಕಾದಂಬರಿಗಳತ್ತ ಮನಸ್ಸು ಹರಿದಿತ್ತು. ೧೯೦೩ರಲ್ಲಿ ಹೋಮ್ಸನು ಬದುಕಿ ಬರಬೇಕಾಯಿತು.

ಹಾಗೆಂದು ಕೊನೆ ಮುಂಚಿತವಾಗಿಯೇ ಗೊತ್ತಾದರೆ ಸ್ವಾರಸ್ಯ ಕೆಡುವುದಿಲ್ಲವೇ? ಕ್ಯಾಲಿಫೋರ್ನಿಯಾದ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ೨೦೧೧ರಲ್ಲಿ ಹೆಸರಾಂತ ಲೇಖಕರ ೧೨ ಸಣ್ಣಕಥೆಗಳನ್ನು ಆರಿಸಿ, ಕೆಲವರಿಗೆ ಕೊನೆಯನ್ನು ಮೊದಲೇ ತಿಳಿಸಿ, ಕೆಲವರಿಗೆ ತಿಳಿಸದೆ ಓದಿಸಿದರು. ಆಶ್ಚರ್ಯವೆಂದರೆ ಪತ್ತೇದಾರಿ ಕಥೆಗಳಲ್ಲಿಯೂ ಸಹ ಕೊನೆ ತಿಳಿದವರೇ ಸರಾಸರಿಯಲ್ಲಿ ಕೊಂಚ ಹೆಚ್ಚು ಮೆಚ್ಚಿದರು. ೨೦೧೫ರಲ್ಲಿ ಬೇರೆ ಸಂಶೋಧಕರು ಇದಕ್ಕೆ ಎದುರಾದ ಫಲವನ್ನು ಪಡೆದಿದ್ದಾರೆ. ವ್ಯಾಜ್ಯ ಇನ್ನೂ ತೀರ್ಮಾನವಾಗಿಲ್ಲ. ಆದರೂ ಗದಾಯುದ್ಧದಲ್ಲಿ ಯಾರು ಬೀಳುತ್ತಾರೆಂದು ಚಿಕ್ಕಂದಿನಿಂದ ಬಲ್ಲ ಜನ ರಾತ್ರಿಯಿಡೀ ಯಕ್ಷಗಾನದ ಮುಂದೆ ಕುಳಿತಿರುತ್ತಾರಲ್ಲ! ಅಚ್ಚರಿಯೊಂದೇ ಕೊನೆಯ ಬಲವಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಇದುವರೆಗೆ ಹೇಳಿದ ಪ್ರಯೋಗಗಳೆಲ್ಲ ಕೆಲವು ನಿಮಿಷ, ಕೆಲವು ಗಂಟೆಗಳವು. ರಂಗಭೂಮಿಯ ಇತಿಹಾಸದಲ್ಲಿ ನೂರೈವತ್ತು ವರ್ಷಗಳಿಗೂ ಮಿಕ್ಕಿ ನಡೆದ ಒಂದು ಪ್ರಯೋಗವುಂಟು. ಯಾರೂ ಅದನ್ನು ಪ್ರಯೋಗವೆಂದು ಕೈಗೊಳ್ಳಲಿಲ್ಲ. ಆದರೂ ಒಂದೇ ಕಥೆಗೆ ಎರಡು ಕೊನೆಗಳನ್ನಿಟ್ಟು ಜನರ ಮುಂದೆ ಹಿಡಿದಂತಾಯಿತು. ಅದು ಷೇಕ್ಸ್‌ಪಿಯರನ ಲಿಯರ್ ದೊರೆಯ ನಾಟಕ.

ಮುದಿಯಾದ ಲಿಯರ್ ತನ್ನ ರಾಜ್ಯವನ್ನು ಮೂವರು ಹೆಣ್ಣುಮಕ್ಕಳಿಗೆ ಹಂಚಲು ಹೊರಟು, ಯಾರಿಗೆ ನನ್ನ ಮೇಲೆ ಎಷ್ಟು ಪ್ರೀತಿ, ಹೇಳಿ ಎನ್ನುತ್ತಾನೆ. ಹಿರಿಯರಿಬ್ಬರು ಮುಖಸ್ತುತಿಯ ಮಳೆಗರೆಯುತ್ತಾರೆ. ಕಿರಿಯಳಾದ ಕಾರ್ಡೀಲಿಯಾ ಹೇಳಲು ಏನೂ ಇಲ್ಲವೆನ್ನುತ್ತಾಳೆ. ತಂದೆ ಅವಳನ್ನು ಹೊರದೂಡುತ್ತಾನೆ. ಮುಂದೆ ಹಿರಿಯ ಮಕ್ಕಳೇ ಅವನನ್ನು ಬಿರುಗಾಳಿಗೆ ಒಪ್ಪಿಸುತ್ತಾರೆ, ಅವನಿಗೆ ಬುದ್ಧಿಭ್ರಮಣೆಯಾಗುತ್ತದೆ. ಕಾರ್ಡೀಲಿಯಾ ಸೈನ್ಯದೊಡನೆ ಬಂದು ತಂದೆಯನ್ನು ಕೂಡಿಕೊಳ್ಳುತ್ತಾಳೆ, ಆದರೆ ಸೋತು ಸೆರೆಯಾಗುತ್ತಾಳೆ. ಅವಳನ್ನು ನೇಣುಹಾಕುವ ಆಜ್ಞೆಯನ್ನು ಹಿಂತೆಗೆದುಕೊಳ್ಳುವ ವೇಳೆಗೆ ಹೊತ್ತು ಮೀರಿರುತ್ತದೆ. ದೇವರುಗಳು ಅವಳನ್ನು ಕಾಯಲಿ ಎಂಬ ಮಾತು ರಂಗದ ಮೇಲೆ ಮುಗಿಯುವಷ್ಟರಲ್ಲಿಯೇ ಲಿಯರ್ ಮಗಳ ಹೆಣವನ್ನು ತೋಳಿನಲ್ಲಿ ಹೊತ್ತು ಬರುತ್ತಾನೆ.

ಹಳೆಯ ಕಥೆ ಹೀಗೆ ಮುಗಿಯುತ್ತಿರಲಿಲ್ಲ. ೧೬೦೫ರಲ್ಲಿ ಅಚ್ಚಾದ, ಬೇರೊಬ್ಬರ ಹಳೆಯ ನಾಟಕದಲ್ಲಿ ದೊರೆಗೆ ಸಿಂಹಾಸನ ಮರಳಿ ಸಿಗುತ್ತದೆ. ೧೬೦೬ರ ಡಿಸೆಂಬರ್ ೨೬ರಂದು ಷೇಕ್ಸ್‌ಪಿಯರನ ನಾಟಕ ಅರಮನೆಯಲ್ಲಿ ನಡೆದಾಗ, ಸುಖಾಂತವನ್ನು ನಿರೀಕ್ಷಿಸಿ ಕುಳಿತವರು ಇದ್ದಿರಲೇಬೇಕು. ೧೬೮೧ರಲ್ಲಿ ನೇಹಮ್ ಟೇಟ್ ಎಂಬ ಕವಿ ನಾಟಕವನ್ನು ತಿದ್ದಿ ಬರೆದನು: ಲಿಯರನೂ ಬದುಕುತ್ತಾನೆ, ಕಾರ್ಡೀಲಿಯಾಳೂ ಬದುಕಿ ಎಡ್ಗರನನ್ನು ಮದುವೆಯಾಗುತ್ತಾಳೆ. ಅಲ್ಲಿಂದ ಮುಂದೆ ಇಂಗ್ಲೆಂಡಿನ ರಂಗಭೂಮಿಯಲ್ಲಿ ನಡೆದದ್ದು ಟೇಟನ ಪಾಠವೇ. ೧೭೧೧ರಲ್ಲಿ ಅಡಿಸನ್ ಇದರಿಂದ ನಾಟಕದ ಸೊಗಸು ಅರ್ಧ ಹಾಳಾಯಿತೆಂದು ಬರೆದನು, ಜನ ಕಿವಿಗೊಡಲಿಲ್ಲ. ಡಾಕ್ಟರ್ ಜಾನ್ಸನ್ ೧೭೬೫ರ ತನ್ನ ಆವೃತ್ತಿಯಲ್ಲಿ, ಕಾರ್ಡೀಲಿಯಾಳ ಸಾವಿನಿಂದ ತನಗೆ ಎಂತಹ ಆಘಾತವಾಯಿತೆಂದರೆ, ಸಂಪಾದಕನಾಗಿ ತಿದ್ದಬೇಕಾಗಿ ಬರುವವರೆಗೂ ಆ ಕಡೆಯ ದೃಶ್ಯಗಳನ್ನು ಮತ್ತೆ ಓದುವ ಧೈರ್ಯವಾಗಲಿಲ್ಲವೆಂದು ಒಪ್ಪಿಕೊಂಡನು.

ಟೇಟನನ್ನು ಹಾಸ್ಯಮಾಡುವುದು ಸುಲಭ. ಆದರೆ ಅವನು ಮಾಡಿದ ಕೆಲಸವನ್ನು ಸಾವಧಾನವಾಗಿ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಅವನು ಕೊನೆಯನ್ನಷ್ಟೇ ಬದಲಾಯಿಸಿ ಸುಮ್ಮನಾಗಲಿಲ್ಲ. ಕಾರ್ಡೀಲಿಯಾ ಎಡ್ಗರರ ಪ್ರೇಮವನ್ನು ಮೊದಲ ಅಂಕದಲ್ಲಿಯೇ ತಂದಿಟ್ಟನು. ಅವನ ಕಾರ್ಡೀಲಿಯಾ ತಂದೆಯೆದುರು ಬಿರುಸಾಗಿ ಮಾತನಾಡುವುದು, ತನಗೆ ಬೇಡವಾದ ವರನೊಬ್ಬನು ತಾನಾಗಿಯೇ ಹಿಂಜರಿಯಲೆಂದು. ಕೊನೆಯ ಮದುವೆಗೆ ಮೊದಲಿನಿಂದಲೇ ಗೆರೆ ಎಳೆಯಬೇಕೆಂಬುದು ಅವನಿಗೆ ಗೊತ್ತಿತ್ತು. ಅಷ್ಟು ಕಾಲ ಜನ ಅದನ್ನು ಮೆಚ್ಚಿದ್ದಕ್ಕೆ ಇದೂ ಒಂದು ಕಾರಣ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಸತ್ಯವನ್ನಲ್ಲದೆ ಬೇರೇನನ್ನೂ ಆಡಲಾರದ ಹುಡುಗಿಯ ಮೌನವು ಒಂದು ಉಪಾಯವಾಗಿ ಇಳಿದುಹೋಯಿತು. ಷೇಕ್ಸ್‌ಪಿಯರನಲ್ಲಿ ಮೊದಲ ದೃಶ್ಯದಲ್ಲಿ ಮಗಳ ಬಾಯಿಂದ ಮಾತನ್ನು ಬೇಡಿ ರೇಗಿದ ತಂದೆ, ಕಡೆಯ ದೃಶ್ಯದಲ್ಲಿ ಅದೇ ತುಟಿಗಳ ಬಳಿ ಉಸಿರಾಡುತ್ತದೆಯೇ ಎಂದು ಕನ್ನಡಿ ಹಿಡಿಯಲು ಹಂಬಲಿಸುತ್ತಾನೆ. ಆ ಗೆರೆಯನ್ನು ಟೇಟನು ಅಳಿಸಲೇಬೇಕಾಯಿತು.

ಕಥೆಯ ಕೊನೆಯನ್ನು ಸುಖದ ಕಡೆಗೆ ತಿರುಗಿಸುವುದೇ ತಪ್ಪೆಂದು ಇದರಿಂದ ಭಾವಿಸಬಾರದು. ಎಂಟನೆಯ ಶತಮಾನದ ಭವಭೂತಿಯೂ ಇದನ್ನೇ ಮಾಡಿದನು. ವಾಲ್ಮೀಕಿಯ ಉತ್ತರಕಾಂಡದಲ್ಲಿ ಸೀತೆ ಭೂಮಿಯನ್ನು ಸೇರಿ ಮರೆಯಾಗುತ್ತಾಳೆ. ಉತ್ತರರಾಮಚರಿತದಲ್ಲಿ ರಾಮನನ್ನು ಮರಳಿ ಸೇರುತ್ತಾಳೆ. ಗಂಗೆಯೂ ಭೂದೇವಿಯೂ ಕಾಣಿಸಿಕೊಂಡು ಅವಳನ್ನು ಒಪ್ಪಿಸುತ್ತಾರೆ. ಮೇಲುನೋಟಕ್ಕೆ ಇದು ಯಂತ್ರದಿಂದಿಳಿದ ದೇವತೆಗಳಲ್ಲದೆ ಮತ್ತೇನು? ಆದರೆ ಮೊದಲನೆಯ ಅಂಕವನ್ನು ನೆನೆಯಬೇಕು. ಅಲ್ಲಿ ಚಿತ್ರಗಳನ್ನು ನೋಡುತ್ತಿರುವಾಗ ರಾಮನು ಗಂಗೆಯನ್ನು ಕಂಡು, ಸೀತೆಗೆ ಒಳಿತನ್ನು ಬಯಸು ತಾಯೆ ಎಂದು ಬೇಡಿಕೊಂಡಿರುತ್ತಾನೆ. ಏಳನೆಯ ಅಂಕದಲ್ಲಿ ಗಂಗೆ ಆ ಮಾತನ್ನೇ ಅವನಿಗೆ ನೆನಪಿಸುತ್ತಾಳೆ. ನಡುವೆ ಮೂರನೆಯ ಅಂಕದಲ್ಲಿ, ಕಣ್ಣಿಗೆ ಕಾಣದ ಸೀತೆ ರಾಮನ ಪ್ರಲಾಪವನ್ನು ಹತ್ತಿರವೇ ನಿಂತು ಕೇಳಿರುತ್ತಾಳೆ; ಅವಳ ಕೋಪ ಅಲ್ಲಿಯೇ ಕರಗಿರುತ್ತದೆ. ದೇವತೆಗಳು ಬಂದರೂ ಕರೆಯಿಸಿಕೊಂಡು ಬಂದವರು. ಟೇಟನಂತೆ ಭವಭೂತಿ ಯಾರ ಶೀಲವನ್ನೂ ಇದಕ್ಕಾಗಿ ಕುಂದಿಸಲಿಲ್ಲ.

ಲಿಯರನ ಕಥೆಗೆ ಒಂದು ಉಪಕಥೆ ಉಳಿದಿದೆ. ೧೮೨೩ರಲ್ಲಿ ಎಡ್ಮಂಡ್ ಕೀನ್ ಎಂಬ ಮಹಾನಟ ಲಂಡನ್ನಿನಲ್ಲಿ ಷೇಕ್ಸ್‌ಪಿಯರನ ಕೊನೆಯನ್ನು ಮರಳಿ ರಂಗಕ್ಕೆ ತಂದನು. ಆದರೆ ಹಿಂದಿನ ಅಂಕಗಳನ್ನು ಬಹುಮಟ್ಟಿಗೆ ಟೇಟನು ಬರೆದಂತೆಯೇ ಉಳಿಸಿಕೊಂಡಿದ್ದನು. ಟೇಟನು ತೆಗೆದುಹಾಕಿದ್ದ ವಿದೂಷಕನೂ ಮರಳಲಿಲ್ಲ. ಪ್ರೇಮಕಥೆಯೊಂದನ್ನು ನೋಡುತ್ತ ಬಂದವರ ಮುಂದೆ ತಟ್ಟನೆ ಒಂದು ಹೆಣ ಬಂದು ಬಿದ್ದಂತಾಯಿತು. ಜನ ಒಪ್ಪಲಿಲ್ಲ, ಕೆಲವೇ ಪ್ರದರ್ಶನಗಳ ತರುವಾಯ ಕೀನನು ಸುಖಾಂತಕ್ಕೆ ಹಿಂದಿರುಗಿದನು. ೧೮೩೮ರ ಜನವರಿ ೨೫ರಂದು ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಮ್ಯಾಕ್ರೆಡಿ ಎಂಬ ನಟ ಟೇಟನ ಸೇರ್ಪಡೆಗಳನ್ನು ಮೊದಲ ಅಂಕದಿಂದಲೇ ಕೈಬಿಟ್ಟು, ವಿದೂಷಕನನ್ನೂ ಕರೆತಂದನು. ಆ ಪಾತ್ರವನ್ನು ಪ್ರಿಸಿಲ್ಲಾ ಹಾರ್ಟನ್ ಎಂಬ ತರುಣಿ ವಹಿಸಿದಳು. ಈ ಸಲ ಪ್ರೇಕ್ಷಕರು ಕೊನೆಯವರೆಗೂ ಕುಳಿತು ನೋಡಿದರು. ಟೇಟನ ನಾಟಕ ಅಲ್ಲಿಂದ ಮುಂದೆ ಕ್ರಮೇಣ ರಂಗದಿಂದ ಮರೆಯಾಯಿತು.